ಕುಲುಮೆಗೂ ಮೊದಲು ಲೆಕ್ಕ

ವಿಮಾನ ನೆಲಕ್ಕೆ ತಾಗುವ ಕ್ಷಣವನ್ನು ಒಮ್ಮೆ ಯೋಚಿಸಿ. ಟನ್‌ಗಟ್ಟಲೆ ತೂಕ, ಗಂಟೆಗೆ ಇನ್ನೂರು ಕಿಲೋಮೀಟರ್ ಮೀರಿದ ವೇಗ. ಆ ಹೊಡೆತವನ್ನು ಮೊದಲು ತಾಳಿಕೊಳ್ಳಬೇಕಾದದ್ದು ಲ್ಯಾಂಡಿಂಗ್ ಗೇರ್, ಅಂದರೆ ಚಕ್ರಗಳನ್ನು ಹಿಡಿದಿರುವ ಉಕ್ಕಿನ ಕಾಲುಗಳು. ದಪ್ಪ ಮಾಡಿದರೆ ವಿಮಾನದ ತೂಕ ಹೆಚ್ಚುತ್ತದೆ, ತೆಳ್ಳಗೆ ಮಾಡಿದರೆ ಮುರಿಯುವ ಭಯ.

ಹಾಗಾದರೆ ಎಷ್ಟು ಗಟ್ಟಿ ಇರಬೇಕು? ಮನೆ ಕಟ್ಟುವಾಗ ಬಳಸುವ ಟಿಎಂಟಿ ಕಂಬಿಯ ಮೇಲೆ 'ಎಫ್‌ಇ 500' ಎಂದಿರುವುದನ್ನು ನೋಡಿರುತ್ತೀರಿ. ಪ್ರತಿ ಚದರ ಮಿಲಿಮೀಟರ್‌ಗೆ ಸುಮಾರು 50 ಕೆ.ಜಿ. ಭಾರ ಎಳೆದರೂ ಅದು ಶಾಶ್ವತವಾಗಿ ಹಿಗ್ಗುವುದಿಲ್ಲ ಎಂದರ್ಥ. ಲ್ಯಾಂಡಿಂಗ್ ಗೇರ್‌ನ ಉಕ್ಕು ಅಷ್ಟೇ ಜಾಗದಲ್ಲಿ ಮುರಿಯುವ ಮುನ್ನ ಸುಮಾರು 200 ಕೆ.ಜಿ. ತಡೆಯಬೇಕು.

ಈ ಕೆಲಸಕ್ಕೆ ದಶಕಗಳಿಂದ ಬಳಕೆಯಲ್ಲಿರುವುದು '300ಎಂ' ಎಂಬ ಉಕ್ಕು. ಅದರ ಬಲದ ಬಗ್ಗೆ ತಕರಾರಿಲ್ಲ, ಆದರೆ ತುಕ್ಕು ಹಿಡಿಯುತ್ತದೆ. ತುಕ್ಕು ತಿಂದ ಸಣ್ಣ ಗುಳಿಯಿಂದಲೇ ಬಿರುಕು ಶುರುವಾಗಬಹುದು. ಅದಕ್ಕಾಗಿ ಮೇಲೆ ಕ್ಯಾಡ್ಮಿಯಂ ಲೇಪಿಸುತ್ತಾರೆ. ಕ್ಯಾಡ್ಮಿಯಂ ವಿಷಕಾರಿ, ಕ್ಯಾನ್ಸರ್‌ಕಾರಕ. ಲೇಪಿಸುವವರ, ದುರಸ್ತಿ ಮಾಡುವವರ ಆರೋಗ್ಯಕ್ಕೆ ಅದು ಅಪಾಯ. ಸ್ಟೇನ್‌ಲೆಸ್ ಸ್ಟೀಲ್ ಬಳಸೋಣವೆಂದರೆ ಸಾಮಾನ್ಯ ಸ್ಟೇನ್‌ಲೆಸ್‌ಗೆ ಅಷ್ಟು ಬಲವಿಲ್ಲ. ಬಲವೂ ಇರಬೇಕು, ತುಕ್ಕೂ ಹಿಡಿಯಬಾರದು. ಇಂಥ ಉಕ್ಕನ್ನು ಹುಡುಕುವುದು ಹೇಗೆ?

ಹಳೆಯ ದಾರಿ ಎಂದರೆ ಮಾಡಿ ನೋಡುವುದು. ದಕ್ಷಿಣ ಭಾರತದ 'ವೂಟ್ಜ್' ಉಕ್ಕು ಒಂದು ಕಾಲದಲ್ಲಿ ಜಗತ್ಪ್ರಸಿದ್ಧ. ಆ ಹೆಸರೇ ನಮ್ಮ 'ಉಕ್ಕು' ಪದದಿಂದ ಬಂದದ್ದೆಂದು ಹಲವು ವಿದ್ವಾಂಸರು ಹೇಳುತ್ತಾರೆ. ಅದರ ಗುಟ್ಟು ತಿಳಿಯಲು ಮೈಕೆಲ್ ಫ್ಯಾರಡೆ ಕೂಡ 1820ರ ಆಸುಪಾಸಿನಲ್ಲಿ ಜೇಮ್ಸ್ ಸ್ಟೊಡಾರ್ಟ್ ಜೊತೆ ಸೇರಿ ಉಕ್ಕಿಗೆ ಬೇರೆ ಬೇರೆ ಲೋಹ ಬೆರೆಸಿ ಪರೀಕ್ಷಿಸಿದ್ದ. ಕರಗಿಸು, ಬಡಿ, ನೋಡು, ಮತ್ತೆ ಕರಗಿಸು.

ಇಂದಿನ ಮಿಶ್ರಲೋಹಗಳಿಗೆ ಈ ದಾರಿ ಸಾಲದು. ಕಬ್ಬಿಣಕ್ಕೆ ಏಳು ಧಾತುಗಳನ್ನು ಬೆರೆಸಬೇಕು, ಪ್ರತಿಯೊಂದಕ್ಕೂ ಹತ್ತು ಬೇರೆ ಬೇರೆ ಪ್ರಮಾಣ ಪ್ರಯತ್ನಿಸಬೇಕು ಎಂದುಕೊಳ್ಳಿ. ಒಟ್ಟು 1 ಕೋಟಿ ಮಿಶ್ರಣಗಳಾಗುತ್ತವೆ. ದಿನಕ್ಕೊಂದು ಕರಗಿಸಿದರೂ 27 ಸಾವಿರ ವರ್ಷ ಬೇಕು! ಹಾಗಾಗಿ ಕುಲುಮೆಗೆ ಹೋಗುವ ಮೊದಲೇ ಕಾಗದದ ಮೇಲೆ ಸೋಸುವ ದಾರಿ ಬೇಕು. ಆ ದಾರಿಯೇ ನಾವು ಪರೀಕ್ಷೆಗೆ ಓದಿ ಮರೆಯುವ ಥರ್ಮೋಡೈನಾಮಿಕ್ಸ್.

ನೀರು ತಗ್ಗಿಗೇ ಹರಿಯುತ್ತದೆ. ಹಾಗೆಯೇ ಯಾವುದೇ ವಸ್ತು ನಿರ್ದಿಷ್ಟ ತಾಪಮಾನ ಮತ್ತು ಒತ್ತಡದಲ್ಲಿ ತನ್ನ 'ಗಿಬ್ಸ್ ಶಕ್ತಿ' ಅತಿ ಕಡಿಮೆ ಇರುವ ಸ್ಥಿತಿಯತ್ತ ಸಾಗುತ್ತದೆ. ಅಮೆರಿಕದ ವಿಜ್ಞಾನಿ ವಿಲಾರ್ಡ್ ಗಿಬ್ಸ್ ಇದನ್ನು 1870ರ ದಶಕದಲ್ಲೇ ಬರೆದಿಟ್ಟ. ಉಕ್ಕು ಹೊರಗೆ ಒಂದೇ ತುಂಡಿನಂತೆ ಕಂಡರೂ ಒಳಗೆ ಹಲವು 'ಫೇಸ್'ಗಳಿರುತ್ತವೆ: ಫೆರೈಟ್, ಆಸ್ಟೆನೈಟ್, ಬಗೆಬಗೆಯ ಕಾರ್ಬೈಡ್. ಶುದ್ಧ ಕಬ್ಬಿಣವೂ 912 ಡಿಗ್ರಿ ಸೆಲ್ಸಿಯಸ್‌ನಲ್ಲಿ ತನ್ನ ಪರಮಾಣುಗಳ ಜೋಡಣೆಯನ್ನು ಬದಲಿಸುತ್ತದೆ. ಪ್ರತಿ ಫೇಸ್‌ಗೂ ಗಿಬ್ಸ್ ಶಕ್ತಿಯ ಒಂದು ಸಮೀಕರಣ ಬರೆದು, ಒಟ್ಟು ಶಕ್ತಿ ಕನಿಷ್ಠ ಆಗುವ ಹಂಚಿಕೆಯನ್ನು ಹುಡುಕಿದರೆ, ಯಾವ ತಾಪಮಾನದಲ್ಲಿ ಯಾವ ಫೇಸ್ ಎಷ್ಟಿರುತ್ತದೆ ಎಂಬುದು ಸಿಗುತ್ತದೆ.

ಸಮೀಕರಣದೊಳಗಿನ ಸಂಖ್ಯೆಗಳು ಪ್ರಯೋಗಾಲಯದ ಅಳತೆಗಳಿಂದ ಬರುತ್ತವೆ. ಎರಡು ಧಾತು, ಮೂರು ಧಾತುಗಳ ಮಿಶ್ರಣಗಳನ್ನು ಚೆನ್ನಾಗಿ ಅಳೆದಿಟ್ಟುಕೊಂಡರೆ ಆರೇಳು ಧಾತುಗಳ ಮಿಶ್ರಣವನ್ನೂ ಅಂದಾಜು ಮಾಡಬಹುದು. ಈ ವಿಧಾನದ ಹೆಸರು 'ಕ್ಯಾಲ್‌ಫ್ಯಾಡ್'. ಇದಕ್ಕೆ ಅಡಿಪಾಯ ಹಾಕಿದವರಲ್ಲಿ ಅಮೆರಿಕದ ಲ್ಯಾರಿ ಕೌಫ್‌ಮನ್ ಪ್ರಮುಖರು. ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿರುವ ಕೆಟಿಎಚ್ ಸಂಸ್ಥೆಯಲ್ಲಿ ಹುಟ್ಟಿದ 'ಥರ್ಮೋ-ಕ್ಯಾಲ್' ಇದೇ ಲೆಕ್ಕ ಮಾಡುವ ಸಾಫ್ಟ್‌ವೇರ್.

ಫೇಸ್ ಗೊತ್ತಾದರೆ ಬಲ ಹೇಗೆ ಗೊತ್ತಾಗುತ್ತದೆ? ಸಕ್ಕರೆ ಪಾಕವನ್ನು ನೆನಪಿಸಿಕೊಳ್ಳಿ. ಬಿಸಿಯಿದ್ದಾಗ ಸಕ್ಕರೆ ಪೂರ್ತಿ ಕರಗಿರುತ್ತದೆ, ಆರಿದ ಮೇಲೆ ಹರಳು ಕಟ್ಟುತ್ತದೆ. ಉಕ್ಕಿನಲ್ಲೂ ಹಾಗೆಯೇ. ಮೊದಲು ಕಾಯಿಸಿ ಎಲ್ಲವನ್ನೂ ಕರಗಿಸಿಕೊಂಡು, ಬೇಗ ತಣಿಸಿ, ಆಮೇಲೆ 500 ಡಿಗ್ರಿಯ ಆಸುಪಾಸಿನಲ್ಲಿ ಹದವಾಗಿ ಕಾಯಿಸಿದರೆ ಕೆಲವೇ ನ್ಯಾನೋಮೀಟರ್ ಗಾತ್ರದ ಕಾರ್ಬೈಡ್ ಕಣಗಳು ಒಳಗೆಲ್ಲ ಹುಟ್ಟುತ್ತವೆ. ಭಾರ ಬಿದ್ದಾಗ ಪರಮಾಣುಗಳ ಪದರಗಳು ಒಂದರ ಮೇಲೊಂದು ಜಾರದಂತೆ ಈ ಕಣಗಳು ತಡೆಯುತ್ತವೆ. ಕಣ ಚಿಕ್ಕದಾಗಿ, ಹತ್ತಿರ ಹತ್ತಿರ ಇದ್ದರೆ ಬಲ ಹೆಚ್ಚು. ಕರಗದೆ ಉಳಿದ ದಪ್ಪ ಹರಳುಗಳಾದರೆ ಬಿರುಕಿಗೆ ದಾರಿ.

ಇಲ್ಲಿ ಧಾತುಗಳ ಜಗಳ ಶುರುವಾಗುತ್ತದೆ. ತುಕ್ಕು ತಡೆಯಲು ಕ್ರೋಮಿಯಂ ಬೇಕು. ಆದರೆ ಕಾರ್ಬನ್ ಅದನ್ನು ಕಾರ್ಬೈಡ್ ಆಗಿ ಹಿಡಿದಿಟ್ಟುಕೊಂಡರೆ ತುಕ್ಕು ತಡೆಯಲು ಉಳಿಯುವ ಕ್ರೋಮಿಯಂ ಕಡಿಮೆಯಾಗುತ್ತದೆ. ಇನ್ನೊಂದೆಡೆ, ಗಟ್ಟಿಯಾದ ಮಾರ್ಟೆನ್ಸೈಟ್ ರಚನೆ ಹುಟ್ಟುವ ತಾಪಮಾನವನ್ನು ಕ್ರೋಮಿಯಂ, ನಿಕ್ಕಲ್ ಎರಡೂ ಕೆಳಗೆ ಎಳೆಯುತ್ತವೆ, ಕೋಬಾಲ್ಟ್ ಮೇಲೆತ್ತುತ್ತದೆ. ಒಂದನ್ನು ಸರಿಮಾಡಿದರೆ ಇನ್ನೊಂದು ತಪ್ಪುತ್ತದೆ. ಎಲ್ಲ ಷರತ್ತುಗಳೂ ಒಟ್ಟಿಗೆ ಕೂಡುವ ಸಣ್ಣ ಜಾಗವನ್ನು ಹುಡುಕುವುದೇ ಕಂಪ್ಯೂಟರ್‌ನ ಕೆಲಸ.

ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿದ್ದ ಗ್ರೆಗೊರಿ ಓಲ್ಸನ್ ಸಹ-ಸಂಸ್ಥಾಪಕರಾಗಿರುವ ಅಮೆರಿಕದ ಕ್ವೆಸ್‌ಟೆಕ್ ಕಂಪನಿ ಮಾಡಿದ್ದು ಇದನ್ನೇ. ಬೇಕಾದ ಗುಣದಿಂದ ಹೊರಟು, ಅದಕ್ಕೆ ಬೇಕಾದ ಒಳರಚನೆ ಯಾವುದು, ಆ ರಚನೆಗೆ ಬೇಕಾದ ಮಿಶ್ರಣ ಯಾವುದು ಎಂದು ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕಿದರು. ಸಿಕ್ಕಿದ್ದು 'ಫೆರಿಯಂ ಎಸ್53': ಸುಮಾರು ಶೇ 14 ಕೋಬಾಲ್ಟ್, ಶೇ 10 ಕ್ರೋಮಿಯಂ, ಶೇ 5.5 ನಿಕ್ಕಲ್, ಶೇ 0.2ರಷ್ಟು ಕಾರ್ಬನ್, ಜೊತೆಗೆ ಸ್ವಲ್ಪ ಮಾಲಿಬ್ಡಿನಂ, ಟಂಗ್‌ಸ್ಟನ್, ವೆನೇಡಿಯಂ. ಬಲದಲ್ಲಿ 300ಎಂಗೆ ಸಮ. ತುಕ್ಕು ತಡೆಯಲು ಕ್ಯಾಡ್ಮಿಯಂ ಬೇಕಿಲ್ಲ. 2010ರಲ್ಲಿ ಅಮೆರಿಕ ವಾಯುಪಡೆಯ ಟಿ-38 ತರಬೇತಿ ವಿಮಾನದ ಲ್ಯಾಂಡಿಂಗ್ ಗೇರ್‌ನಲ್ಲಿ ಇದು ಹಾರಿತು.

ಹಾಗೆಂದು ಕಂಪ್ಯೂಟರ್ ಇದ್ದರೆ ಕುಲುಮೆ ಬೇಡ ಎಂದಲ್ಲ. ಗಿಬ್ಸ್ ಶಕ್ತಿಯ ಲೆಕ್ಕ ವಸ್ತು ಎಲ್ಲಿಗೆ ಹೋಗಲು ಬಯಸುತ್ತದೆ ಎನ್ನುತ್ತದೆ. ಎಷ್ಟು ಹೊತ್ತಿಗೆ ತಲುಪುತ್ತದೆ ಎನ್ನುವುದಿಲ್ಲ. ಅದಕ್ಕೆ ಪರಮಾಣುಗಳು ಚಲಿಸುವ ವೇಗದ ಲೆಕ್ಕ ಬೇರೆಯೇ ಬೇಕು. ಮೂಲ ಅಳತೆ ತಪ್ಪಿದ್ದರೆ ಉತ್ತರವೂ ತಪ್ಪು. ಕೊನೆಗೆ ಕರಗಿಸಿ, ಎಳೆದು, ಮುರಿದು ನೋಡಲೇಬೇಕು. ಆದರೆ ಕರಗಿಸಬೇಕಾದದ್ದು ಕೋಟಿಯಲ್ಲ, ಬೆರಳೆಣಿಕೆಯಷ್ಟು.

ಇದನ್ನೆಲ್ಲ ಯುವಪುಟದಲ್ಲಿ ಬರೆಯಲು ಕಾರಣವಿದೆ. ಮೆಕ್ಯಾನಿಕಲ್ ಓದುವ ನಮಗೆ ನೆಂಟರಿಂದ ಹಿಡಿದು ಸೀನಿಯರ್‌ಗಳವರೆಗೆ ಎಲ್ಲರೂ ಹೇಳುವುದು ಒಂದೇ ಮಾತು: 'ಕೋರ್‌ನಲ್ಲಿ ಏನಿದೆ? ಕೋಡಿಂಗ್ ಕಲಿ.' ಕೋರ್ ಅಥವಾ ಕೋಡಿಂಗ್, ಎರಡರಲ್ಲಿ ಒಂದನ್ನು ಬಿಡಲೇಬೇಕು ಎಂದು ನಾವೂ ನಂಬಿಬಿಡುತ್ತೇವೆ. ಈ ಉಕ್ಕಿನ ಕಥೆಯಲ್ಲಿ ಎರಡೂ ಬೇಕಾದವು. ಕೋಡಿಂಗ್ ಮಾತ್ರ ಬಲ್ಲವನಿಗೆ ಕಾರ್ಬೈಡ್ ಯಾಕೆ ಮುಖ್ಯವೆಂದು ಗೊತ್ತಿರುವುದಿಲ್ಲ. ಉಕ್ಕು ಮಾತ್ರ ಬಲ್ಲವನಿಗೆ ಕೋಟಿ ಮಿಶ್ರಣ ಸೋಸಲಾಗದು. ನಮ್ಮ ಪಿಎಸ್‌ಎಲ್‌ವಿ ರಾಕೆಟ್‌ನ ಮೊದಲ ಹಂತದ ಕವಚ ಕೂಡ ಮಾರೇಜಿಂಗ್ ಎಂಬ ಅತಿ ಬಲದ ಉಕ್ಕಿನದು. ಇಂಥ ಲೋಹಗಳ ಅಗತ್ಯ ನಮ್ಮಲ್ಲೂ ಇದೆ.

ಆರಂಭಿಸಲು ಹಣ ಬೇಕಿಲ್ಲ. ಥರ್ಮೋ-ಕ್ಯಾಲ್‌ಗೆ ಮೂರು ಧಾತುಗಳವರೆಗೆ ಲೆಕ್ಕ ಮಾಡುವ ಉಚಿತ ಶೈಕ್ಷಣಿಕ ಆವೃತ್ತಿ ಇದೆ. ಪೈಥಾನ್ ಬರುವವರಿಗೆ 'ಪೈಕ್ಯಾಲ್‌ಫ್ಯಾಡ್' ಎಂಬ ಮುಕ್ತ ತಂತ್ರಾಂಶವಿದೆ. ಪರೀಕ್ಷೆಗೆಂದು ಬಾಯಿಪಾಠ ಮಾಡಿ ಬರೆಯುವ ಕಬ್ಬಿಣ-ಕಾರ್ಬನ್ ಡಯಾಗ್ರಂ ಅನ್ನು ಒಮ್ಮೆ ನೀವೇ ಲೆಕ್ಕ ಹಾಕಿ ಬಿಡಿಸಿ ನೋಡಿ. 727 ಡಿಗ್ರಿಯ ಆ ಅಡ್ಡಗೆರೆ ಯಾರೋ ಎಳೆದದ್ದಲ್ಲ, ಶಕ್ತಿಯ ಲೆಕ್ಕದಿಂದ ತಾನಾಗಿ ಮೂಡಿದ್ದು ಎಂಬುದು ಆಗ ಕಣ್ಣೆದುರೇ ಕಾಣುತ್ತದೆ.