ರಕ್ತದಲ್ಲಿದೆಯೆಂಬ ಮಾತು

ಹೆಣ್ಣು ನೋಡಲು ಹೊರಟ ಹಿರಿಯರೊಬ್ಬರು ಮೊನ್ನೆ ದಾರಿಯಲ್ಲಿ ನಮ್ಮ ಮನೆ ಜಗಲಿ ಹತ್ತಿದರು. ಹುಡುಗಿ ನಮ್ಮ ಹಳೆಯ ವಿದ್ಯಾರ್ಥಿನಿ. ಸಕ್ಕರೆ ಹಾಕದ ಚಾ ಕುಡಿದು ಮೆಲ್ಲನೆ ಕೇಳಿದರು: "ಮಾಷ್ಟ್ರೇ, ಹುಡುಗಿಯ ಸೋದರಮಾವನಿಗೆ ತಲೆ ಸರಿಯಿಲ್ಲವಂತೆ. ಅದು ರಕ್ತದಲ್ಲೇ ಬರುವಂಥದ್ದಲ್ಲವೆ?"

ಊರಿಗೆಲ್ಲ ತಿಳಿದಂತೆ ಆತನಿಗಿರುವುದು ಬೈಪೋಲಾರ್ ಕಾಯಿಲೆ. ಕೆಲವು ಕಾಲ ನಿದ್ದೆಯೇ ಬೇಡದ ಉನ್ಮಾದ, ಕೆಲವು ಕಾಲ ಹಾಸಿಗೆ ಬಿಟ್ಟೇಳಲಾಗದ ಖಿನ್ನತೆ.

ರಕ್ತದಲ್ಲಿದೆಯೆಂಬ ಈ ಮಾತನ್ನು ಅಮೆರಿಕದ ಪೆನ್ಸಿಲ್ವೇನಿಯಾದ ಆಮಿಷ್ ಜನರೂ ಆಡುತ್ತಿದ್ದರು. ಕುದುರೆಗಾಡಿಯಲ್ಲಿ ಓಡಾಡುವ, ತಮ್ಮೊಳಗೇ ಮದುವೆಯಾಗುವ, ವಂಶಾವಳಿಯನ್ನು ಜೋಪಾನವಾಗಿ ಬರೆದಿಡುವ ಜನ ಅವರು. ಕುಡಿತ ವಿರಳವಾದ್ದರಿಂದ ಉನ್ಮಾದ ಯಾವುದು, ಅಮಲು ಯಾವುದು ಎಂಬ ಗೊಂದಲವೂ ಕಡಿಮೆ. ಜಾನಿಸ್ ಈಗ್ಲೆಂಡ್ ಎಂಬ ಸಂಶೋಧಕಿ ವರ್ಷಗಟ್ಟಲೆ ಅವರ ನಡುವೆ ದುಡಿದರು. ಒಂದು ದೊಡ್ಡ ಆಮಿಷ್ ಕುಟುಂಬದಲ್ಲಿ ಈ ಕಾಯಿಲೆಗೂ 11ನೆಯ ವರ್ಣತಂತುವಿನ ಒಂದು ಭಾಗಕ್ಕೂ ನಂಟಿದೆಯೆಂದು ಅವರ ತಂಡ 1987ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಸಾರಿತು. ಕಳ್ಳ ಸಿಕ್ಕಿಬಿದ್ದನೆಂದೇ ಲೋಕ ತಿಳಿಯಿತು.

1989ರಲ್ಲಿ ಲೆಕ್ಕ ತಲೆಕೆಳಗಾಯಿತು. ಆರೋಗ್ಯವಂತರೆಂದು ಬರೆದುಕೊಂಡಿದ್ದ ಇಬ್ಬರು ಕಾಯಿಲೆ ಬಿದ್ದರು. ಕುಟುಂಬದ ಇನ್ನಷ್ಟು ಮಂದಿಯನ್ನು ಸೇರಿಸಿ ನೋಡಿದಾಗ ಆ ನಂಟು ಉಳಿಯಲೇ ಇಲ್ಲ. ಅದೇ ಪತ್ರಿಕೆಯಲ್ಲಿ ಹಾಗೆಂದು ಬರೆದವರಲ್ಲಿ ಈಗ್ಲೆಂಡರೂ ಒಬ್ಬರು. ಮಕ್ಕಳ ಲೆಕ್ಕ ತಿದ್ದುವುದು ನಮ್ಮ ನಿತ್ಯದ ಕೆಲಸ; ತಮ್ಮ ಲೆಕ್ಕವನ್ನು ತಾವೇ ಹೊಡೆದುಹಾಕುವವರು ಅಪರೂಪ.

ಈಗ ಒಂದೇ ಕಳ್ಳನನ್ನು ಯಾರೂ ಹುಡುಕುವುದಿಲ್ಲ. 2025ರಲ್ಲಿ ಪ್ರಕಟವಾದ ಅಧ್ಯಯನವೊಂದು 1,58,036 ರೋಗಿಗಳನ್ನು ಸುಮಾರು 28 ಲಕ್ಷ ಇತರರೊಡನೆ ಹೋಲಿಸಿ 298 ಸ್ಥಾನಗಳನ್ನು ಗುರುತಿಸಿತು. ಒಂದೊಂದರ ಪಾಲೂ ಅತ್ಯಲ್ಪ. ಅವು ನಮ್ಮಲ್ಲಿಯೂ ನಿಮ್ಮಲ್ಲಿಯೂ ಅಷ್ಟಿಷ್ಟು ಇರುವಂಥವೇ. ಅಲ್ಲಿನ ಲೆಕ್ಕಕ್ಕೆ ಬಂದವರು ಯುರೋಪ್, ಪೂರ್ವ ಏಷ್ಯಾ, ಆಫ್ರಿಕನ್ ಅಮೆರಿಕನ್, ಲ್ಯಾಟಿನೊ ಮೂಲದವರು. ನಮ್ಮ ಕಡೆಯ ಕುಟುಂಬಗಳ ಅಧ್ಯಯನ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಡೆದಿದೆ.

ಜಗಲಿಯಲ್ಲಿ ಇಷ್ಟೆಲ್ಲ ಹೇಳಲಾದೀತೆ? ಹೆತ್ತವರಲ್ಲಿ ಒಬ್ಬರಿಗೆ ಈ ಕಾಯಿಲೆಯಿದ್ದರೆ 100 ಮಕ್ಕಳಲ್ಲಿ 5ರಿಂದ 10 ಮಂದಿಗೆ ಬರಬಹುದು, ಉಳಿದವರಿಗೆ ಬರುವುದಿಲ್ಲ, ಸೋದರಮಾವನ ನಂಟು ಇನ್ನೂ ದೂರದ್ದು ಎಂದೆವು. ಸಕ್ಕರೆ ಕಾಯಿಲೆಯೂ ಮನೆತನದಲ್ಲಿ ಬರುತ್ತದಲ್ಲವೆ ಎಂದೂ ಕೇಳಿದೆವು. ಹಿರಿಯರು ತಮ್ಮ ಖಾಲಿ ಲೋಟ ನೋಡಿ ನಕ್ಕರು. ಕೊಡೆ ಎತ್ತಿಕೊಂಡು ಹೊರಟವರು ಹುಡುಗಿಯ ಮನೆಯ ದಾರಿಯನ್ನೇ ಹಿಡಿದರು. ಮುಂದಿನ ಸುದ್ದಿ ನಮಗಿನ್ನೂ ಬಂದಿಲ್ಲ.