ಹಳೆಯ ಜೀಪಿನ ಇಂಧನಮಾಪಕ: ದೋಷವನ್ನು ಹುಡುಕುವ ಬಗೆ

ವಿದ್ಯುತ್ತಿನ ಪಾಠದಲ್ಲಿ ರೋಧದ ಲೆಕ್ಕಗಳನ್ನು ಸರಾಗವಾಗಿ ಬಿಡಿಸುವ ವಿದ್ಯಾರ್ಥಿಯು, ಆ ರೋಧವು ನಿತ್ಯದ ಬದುಕಿನಲ್ಲಿ ಎಲ್ಲಿ ಕೆಲಸ ಮಾಡುತ್ತದೆಂದು ಕೇಳಿದರೆ ಬಲ್ಬನ್ನೂ ಇಸ್ತ್ರಿಪೆಟ್ಟಿಗೆಯನ್ನೂ ಹೆಸರಿಸಿ ಸುಮ್ಮನಾಗುವುದುಂಟು. ವಯನಾಡು, ನೀಲಗಿರಿಗಳ ಘಟ್ಟದ ಹಾದಿಯ ಮಕ್ಕಳಿಗೆ ಜೀಪು ಪರಿಚಿತ ವಾಹನ. ಅದರ ಇಂಧನಮಾಪಕವು ಸರಣಿ ಜೋಡಣೆಗೆ ಬಲು ಒಳ್ಳೆಯ ಉದಾಹರಣೆ. ಅಮೆರಿಕದ ವಿಲ್ಲಿಸ್ ಜೀಪುಗಳನ್ನು 1940ರ ದಶಕದ ಕೊನೆಯಲ್ಲಿ ಮಹೀಂದ್ರ ಸಂಸ್ಥೆಯು ನಮ್ಮ ದೇಶದಲ್ಲಿ ಜೋಡಿಸತೊಡಗಿತು. ಅದೇ ವಂಶದ, 1976ರಿಂದ 1986ರವರೆಗೆ ಅಮೆರಿಕದಲ್ಲಿ ತಯಾರಾದ ಸಿಜೆ-7 ಎಂಬ ಜೀಪನ್ನು ಇಲ್ಲಿ ಆರಿಸಿಕೊಂಡಿದೆ. ಬೇರೆ ವಾಹನಗಳಲ್ಲಿ ಅಂಕಿಗಳು ಬೇರೆಯಾಗುತ್ತವೆ. ಹುಡುಕುವ ಕ್ರಮ ಬಹುಮಟ್ಟಿಗೆ ಇದೇ.

ಟ್ಯಾಂಕಿನೊಳಗೆ ಟ್ಯಾಂಕ್ ಯೂನಿಟ್ ಎಂಬ ಭಾಗವಿದೆ. ಅದರ ತೋಳಿನ ತುದಿಯ ಫ್ಲೋಟು ಪೆಟ್ರೋಲಿನ ಮೇಲೆ ತೇಲುತ್ತ ಏರಿಳಿದಂತೆ ತೋಳಿನ ಇನ್ನೊಂದು ತುದಿಯು ರೋಧತಂತಿಯ ಸುರುಳಿಯ ಮೇಲೆ ಸರಿಯುತ್ತದೆ. ಪ್ರಯೋಗಾಲಯದ ರಿಯೋಸ್ಟಾಟ್ ಮಾಡುವ ಕೆಲಸವೇ ಇದು. ಈ ಜೀಪಿನಲ್ಲಿ ಟ್ಯಾಂಕು ಬರಿದಾದಾಗ ಸುಮಾರು 73 ಓಮ್, ಅರ್ಧವಿದ್ದಾಗ 23 ಓಮ್, ತುಂಬಿದಾಗ 10 ಓಮ್ ರೋಧವಿರುತ್ತದೆ. ರೋಧ ಕಡಿಮೆಯಾದಂತೆ ಪ್ರವಾಹ ಹೆಚ್ಚುತ್ತದೆ. ಆ ಪ್ರವಾಹವು ಮೀಟರಿನೊಳಗಿನ ದ್ವಿಲೋಹ ಪಟ್ಟಿಯನ್ನು ಬಿಸಿಮಾಡಿ ಬಾಗಿಸುತ್ತದೆ, ಮುಳ್ಳು ಮೇಲೇರುತ್ತದೆ. ಪಟ್ಟಿ ಕಾಯಲು ಸ್ವಲ್ಪ ಹೊತ್ತು ಬೇಕಾದ್ದರಿಂದಲೇ, ಹಳ್ಳದಿಣ್ಣೆಗಳಲ್ಲಿ ಪೆಟ್ರೋಲು ಎಷ್ಟು ತುಳುಕಿದರೂ ಮುಳ್ಳು ಕುಣಿಯುವುದಿಲ್ಲ. ಬ್ಯಾಟರಿಯ 12 ವೋಲ್ಟನ್ನು ಕಡಿದು ಕಡಿದು ಕೊಟ್ಟು, ಸರಾಸರಿ ಸುಮಾರು 5 ವೋಲ್ಟಿಗೆ ಇಳಿಸುವ ನಿಯಂತ್ರಕವೊಂದು ಇಂಧನಮಾಪಕದೊಳಗೇ ಇದೆ. ಎಂಜಿನ್ನಿನ ತಾಪಮಾಪಕಕ್ಕೂ ಅದೇ ವಿದ್ಯುತ್ತನ್ನು ಪೂರೈಸುತ್ತದೆ.

ಆದ್ದರಿಂದ ಮೊದಲು ನೋಡಬೇಕಾದದ್ದು ಪಕ್ಕದ ತಾಪಮಾಪಕವನ್ನು. ಎರಡು ಮುಳ್ಳುಗಳೂ ಏಳದೆ ಮಲಗಿದ್ದರೆ ಫ್ಯೂಸು, ಕೀಲಿಯಿಂದ ಬರುವ ವೈರು, ನಿಯಂತ್ರಕ ಇವುಗಳನ್ನು ಪರೀಕ್ಷಿಸಬೇಕು. ಎರಡೂ ಒಟ್ಟಿಗೆ ಮಿತಿಮೀರಿ ಏರಿದರೆ ನಿಯಂತ್ರಕವು ಕೆಟ್ಟಿದೆ, ಇಲ್ಲವೆ ಅದಕ್ಕೆ ಅರ್ಥಿಂಗ್ ತಪ್ಪಿದೆ. ಹಾಗೆಯೇ ಓಡಿಸಿದರೆ ಮೀಟರುಗಳು ಸುಟ್ಟುಹೋಗಬಹುದು. ತಾಪಮಾಪಕ ಸರಿಯಿದ್ದು ಇಂಧನಮಾಪಕ ಮಾತ್ರ ತಪ್ಪು ತೋರಿಸುತ್ತಿದ್ದರೆ ಟ್ಯಾಂಕಿನ ಬಳಿಗೆ ಹೋಗಬೇಕು.

ಕೀಲಿಯನ್ನು ಮುಚ್ಚಿ, ಟ್ಯಾಂಕ್ ಯೂನಿಟ್ಟಿನ ವೈರನ್ನು ಬಿಡಿಸಿ, ಅದಕ್ಕೂ ಚಾಸಿಯ ಬರಿಯ ಲೋಹಕ್ಕೂ ನಡುವೆ 2 ವ್ಯಾಟಿಗೆ ಕಡಿಮೆಯಿಲ್ಲದ 10 ಓಮಿನ ರೋಧಕವನ್ನು ಭದ್ರವಾಗಿ ಜೋಡಿಸಿ. ಜೋಡಿಸಿದ ಮೇಲೆಯೇ ಕೀಲಿಯನ್ನು ತಿರುಗಿಸಬೇಕು. ಟ್ಯಾಂಕಿನ ಸಮೀಪದಲ್ಲಿ ಕಿಡಿ ಹಾರಕೂಡದು. ಒಂದು ನಿಮಿಷ ತಾಳಿದರೆ ಮುಳ್ಳು ತುಂಬಿದ ಗುರುತಿಗೆ ಏರಬೇಕು. ಮತ್ತೆ ಕೀಲಿ ಮುಚ್ಚಿ 75 ಓಮಿನ ರೋಧಕವನ್ನು ಹಾಕಿದರೆ ಬರಿದಾದ ಗುರುತಿಗೆ ಇಳಿಯಬೇಕು. ಮುಳ್ಳು ಹೀಗೆ ಹೇಳಿದಂತೆ ಕೇಳಿದರೆ ಮೀಟರೂ ವೈರೂ ನಿರ್ದೋಷಿಗಳು. ಕೇಳದಿದ್ದರೆ ದೋಷ ಮುಂಭಾಗದಲ್ಲಿದೆ.

ಇಷ್ಟಾದ ಮೇಲೂ ಹಲವರು ದುಡುಕಿ ಹೊಸ ಟ್ಯಾಂಕ್ ಯೂನಿಟ್ ಕೊಳ್ಳುತ್ತಾರೆ. ಅದಕ್ಕೆ ಮೊದಲು ಮಲ್ಟಿಮೀಟರಿನಿಂದ ಎರಡು ಅಳತೆ ತೆಗೆಯುವುದು ಮೇಲು: ಯೂನಿಟ್ಟಿನ ತುದಿಯಿಂದ ಅದರ ಸ್ವಂತ ಲೋಹದ ಮೈಗೆ ಒಂದು, ಅದೇ ತುದಿಯಿಂದ ಚಾಸಿಗೆ ಇನ್ನೊಂದು. ಎರಡೂ ಒಂದೇ ಆಗಿರಬೇಕು. ಎರಡನೆಯದು ಹೆಚ್ಚಾಗಿದ್ದರೆ ಆ ವ್ಯತ್ಯಾಸವು ತುಕ್ಕಿನ ರೋಧ. ಟ್ಯಾಂಕು ವಾಹನದ ಹಿಂಬದಿಯಲ್ಲಿ, ಕೆಸರು ನೀರುಗಳ ಸಿಡಿತಕ್ಕೆ ಸಿಕ್ಕುವುದರಿಂದ ಅರ್ಥಿಂಗ್ ವೈರಿನ ತುದಿ ಬೇಗ ತುಕ್ಕು ಹಿಡಿಯುತ್ತದೆ. ಮರಳುಕಾಗದದಿಂದ ಉಜ್ಜಿ ಬಿಗಿಮಾಡಿದರೆ ಖರ್ಚಿಲ್ಲದೆ ಕೆಲಸ ಮುಗಿಯುತ್ತದೆ.

ಇಲ್ಲೊಂದು ಲೆಕ್ಕವನ್ನು ತರಗತಿಗೆ ಕೊಡಬಹುದು. ತುಕ್ಕಿನ ರೋಧ 20 ಓಮ್ ಎನ್ನೋಣ. ತುಂಬಿದ ಟ್ಯಾಂಕಿನ 10 ಓಮಿಗೆ ಅದು ಸರಣಿಯಲ್ಲಿ ಸೇರಿ 30 ಆಗುತ್ತದೆ. ಅರ್ಧ ಟ್ಯಾಂಕಿನ ರೋಧ 23 ತಾನೆ? ಹಾಗಾದರೆ ತುಂಬಿದ ಟ್ಯಾಂಕೇ ಅರ್ಧಕ್ಕಿಂತ ಕಡಿಮೆ ತೋರುತ್ತದೆ! ಇದೇ ತುಕ್ಕು ಟ್ಯಾಂಕು ಬರಿದಾಗಿರುವಾಗ ಮುಳ್ಳನ್ನು ಅಷ್ಟಾಗಿ ಕದಲಿಸದು. ಏಕೆಂಬುದನ್ನು ವಿದ್ಯಾರ್ಥಿಗಳೇ ಕಂಡುಕೊಳ್ಳಲಿ.

ಮೈಯಿಂದ ತೆಗೆದ ಅಳತೆಯೇ ತಪ್ಪಾಗಿದ್ದರೆ ಯೂನಿಟ್ಟನ್ನು ಹೊರತೆಗೆಯಬೇಕಾಗುತ್ತದೆ. ಅದು ನುರಿತ ಮೆಕ್ಯಾನಿಕ್ಕಿನ ಕೆಲಸ. ಬ್ಯಾಟರಿಯನ್ನು ಬಿಡಿಸಿ, ಬಯಲಿನಲ್ಲಿ, ಬೆಂಕಿಯಿಂದ ದೂರ ಮಾಡತಕ್ಕದ್ದು, ಮಕ್ಕಳ ಕೈಗೆ ಕೊಡತಕ್ಕದ್ದಲ್ಲ. ಹಿತ್ತಾಳೆಯ ಫ್ಲೋಟನ್ನು ಅಲುಗಿಸಿದಾಗ ಒಳಗೆ ದ್ರವದ ಸದ್ದಾದರೆ ಅದು ತೂತಾಗಿ ಮುಳುಗಿದೆ. ತೋಳನ್ನು ಮೆಲ್ಲನೆ ಸರಿಸುವಾಗ ಓಮಿನ ಅಂಕಿ ಹಾರಿ ಹಾರಿ ಬಿದ್ದರೆ ರೋಧತಂತಿ ಸವೆದಿದೆ.

ಎಲ್ಲ ದೋಷಗಳೂ ಒಂದೇ ತೂಕದವಲ್ಲ. ತುಕ್ಕು, ಕಡಿದ ವೈರು, ಮುಳುಗಿದ ಫ್ಲೋಟು ಇವು ಇದ್ದದ್ದನ್ನು ಕಡಿಮೆಮಾಡಿ ತೋರಿಸುತ್ತವೆ. ಚಾಲಕನು ಬೇಗ ಪೆಟ್ರೋಲು ಹಾಕಿಸುತ್ತಾನೆ, ಅಷ್ಟೆ. ಆದರೆ ವೈರಿನ ಹೊದಿಕೆ ಸವೆದು ಚಾಸಿಗೆ ತಗುಲಿದರೆ, ಅಥವಾ ಫ್ಲೋಟು ಮೇಲೆಯೇ ಸಿಕ್ಕಿಕೊಂಡರೆ, ಬರಿದಾದ ಟ್ಯಾಂಕೂ ತುಂಬಿದಂತೆ ಕಾಣುತ್ತದೆ. ಇಂಥ ಜೀಪು ಮಳೆಗಾಲದ ಇರುಳಿನಲ್ಲಿ ರೋಗಿಯನ್ನು ಹೊತ್ತು ಘಟ್ಟವಿಳಿಯುವಾಗ ನಡುದಾರಿಯಲ್ಲಿ ನಿಂತೀತು. ಬಹಳ ದೂರ ಓಡಿದರೂ ಇಳಿಯದ ಮುಳ್ಳನ್ನು ಕಂಡರೆ ಮೀಟರನ್ನು ನಂಬದೆ, ಓಡಿದ ಕಿಲೋಮೀಟರುಗಳ ಲೆಕ್ಕವಿಡುವುದೇ ಸರಿ.

ತರಗತಿಯಲ್ಲಿ ಪೆಟ್ರೋಲಾಗಲಿ ವಾಹನವಾಗಲಿ ಬೇಡ. ಬಕೆಟ್ಟಿನ ನೀರಿನಲ್ಲಿ ತೇಲುವ ಥರ್ಮಾಕೋಲ್ ತುಂಡಿಗೆ ಕಡ್ಡಿಯ ತೋಳೊಂದನ್ನು ಕಟ್ಟಿ, ನೀರಿನ ಮಟ್ಟ ಬದಲಾದಂತೆ ರಿಯೋಸ್ಟಾಟಿನ ಜಾರುಗುಂಡಿಯನ್ನು ಒಬ್ಬ ವಿದ್ಯಾರ್ಥಿಯು ಕೈಯಿಂದ ಸರಿಸಲಿ. ಶುಷ್ಕಕೋಶವೂ ಅಮ್ಮೀಟರೂ ಸರಣಿಯಲ್ಲಿರಲಿ. ಆಮೇಲೆ ಶಿಕ್ಷಕರು ಯಾರಿಗೂ ತಿಳಿಸದೆ ಮಂಡಲದಲ್ಲಿ ಒಂದು ರೋಧಕವನ್ನು ಸೇರಿಸಿ, ದೋಷವೆಲ್ಲಿದೆ ಎಂದು ಹುಡುಕಹೇಳಬೇಕು.