ಮಗುವಿನ ಮೊದಲ ತುತ್ತು: ರಾಗಿ ಸರಿಯ ಹಿಟ್ಟನ್ನು ಸುರಕ್ಷಿತವಾಗಿ ತಯಾರಿಸುವ ಬಗೆ



ಕೊಳೆರೋಗ, ಕಾಂಡಕೊರಕ, ಗೊಬ್ಬರದ ದರ ಇತ್ಯಾದಿಗಳಿಗೆ ಮೀಸಲಾದ ಈ ಪತ್ರಿಕೆಯಲ್ಲಿ ಕೂಸಿನ ಆಹಾರದ ಮಾತೇಕೆ ಎಂದು ಕೆಲವರು ಕೇಳಬಹುದು. ಕಾರಣವಿದೆ. ನಮ್ಮ ಸದಸ್ಯರಲ್ಲಿ ಅನೇಕರ ಮಕ್ಕಳು ಈಗ ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಯ ಕಡೆ ನೆಲೆಸಿದ್ದಾರೆ. ಅಲ್ಲಿ ಮೊಮ್ಮಗು ಹುಟ್ಟಿದರೆ ಇಲ್ಲಿಂದ ತುಪ್ಪ, ಬಾಳೆಕಾಯಿ, ಮೊಳಕೆ ರಾಗಿಯ ಹಿಟ್ಟು ಬಸ್ಸಿನಲ್ಲಿ ಹೋಗುವುದು ವಾಡಿಕೆ. ಹೀಗೆ ಕಳಿಸುವುದರಲ್ಲಿ ನಾನೇ ಒಂದು ತಪ್ಪು ಮಾಡಿದೆ. ಅದು ಇತರರಿಗೆ ಆಗಬಾರದೆಂದು ಬರೆಯುತ್ತಿದ್ದೇನೆ.

ಕಳೆದ ಆಷಾಢದಲ್ಲಿ ಬಸವೇಶ್ವರನಗರದಲ್ಲಿರುವ ಮಗಳ ಕೂಸಿಗೆ ಆರು ತಿಂಗಳು ತುಂಬಿತು. ನಮ್ಮ ಮನೆಯಾಕೆ ರಾಗಿಯನ್ನು ಮೊಳಕೆ ಕಟ್ಟಿದಳು. ಬಿಸಿಲಿನ ಸುಳಿವಿಲ್ಲದ ಮಳೆ. ಒಲೆಯ ಮೇಲಿನ ಅಟ್ಟದಲ್ಲಿ ಎರಡು ದಿನ ಹರವಿ, ಮುಟ್ಟಿದರೆ ಒಣಗಿದಂತೆ ಕಂಡಿತೆಂದು ಬೀಸಿಸಿ, ಡಬ್ಬಿಗೆ ಗಟ್ಟಿಯಾಗಿ ಮುಚ್ಚಳ ಹಾಕಿ ಕಳಿಸಿದೆವು. ಮೂರು ವಾರದ ನಂತರ ಮಗಳು ಫೋನ್ ಮಾಡಿ, "ಅಪ್ಪಾಜಿ, ಹಿಟ್ಟು ಅಲ್ಲಲ್ಲಿ ಗಂಟು ಕಟ್ಟಿದೆ, ಮುಗ್ಗಲು ವಾಸನೆ ಬರ್ತಿದೆ. ಏನು ಮಾಡಲಿ?" ಎಂದಳು. "ಜರಡಿ ಹಿಡಿದು ಚೆನ್ನಾಗಿ ಕುದಿಸಮ್ಮ, ಏನೂ ಆಗಲ್ಲ" ಎಂದೆ. ಪುಣ್ಯಕ್ಕೆ ಅವಳು ನನ್ನ ಮಾತು ಕೇಳದೆ ಮಕ್ಕಳ ವೈದ್ಯರನ್ನು ಕೇಳಿದಳು. ಅಷ್ಟನ್ನೂ ಹೊರಗೆ ಸುರಿಯಿರಿ ಎಂದರಂತೆ.

ವೈದ್ಯರು ಹೇಳಿದ್ದೇ ಸರಿ. ಬೂಷ್ಟು ಹಿಡಿದ ಧಾನ್ಯದಲ್ಲಿ ಅಫ್ಲಾಟಾಕ್ಸಿನ್ ಮೊದಲಾದ ವಿಷಗಳು ಹುಟ್ಟಬಹುದು. ಬೂಷ್ಟು ಬೆಂಕಿಗೆ ಸಾಯುತ್ತದೆ, ಅದು ಬಿಟ್ಟ ವಿಷ ಸಾಯುವುದಿಲ್ಲ. ಮನೆಯ ಒಲೆಯ ಕುದಿತಕ್ಕೆ ಅದು ಜಗ್ಗದು, ಜರಡಿಗೆ ಸಿಕ್ಕದು. ಸರಿಯಾಗಿ ಒಣಗದ ಕಾಫಿಯಲ್ಲಿ ಆಕ್ರಟಾಕ್ಸಿನ್ ಬರುತ್ತದೆಂದು ಸಂಘದ ಸಭೆಗಳಲ್ಲಿ ನಾನೇ ಎಷ್ಟೋ ಸಲ ಹೇಳಿದ್ದೇನೆ. ಕಾಫಿ ಮೂಟೆಗೆಲ್ಲ ತೇವಾಂಶ ಮಾಪಕ ಹಿಡಿಯುವವನು ಮೊಮ್ಮಗಳ ರಾಗಿಯನ್ನು ಕೈಯಲ್ಲಿ ಮುಟ್ಟಿ ನೋಡಿ ಕಳಿಸಿದೆ.

ಮೊಳಕೆ ಏಕೆ ಕಟ್ಟಬೇಕು?

ಇಡೀ ರಾಗಿ ಬಹಳ ಬಾಳುವ ಧಾನ್ಯ. ಹಳೇ ಮೈಸೂರು ಸೀಮೆಯಲ್ಲಿ ನೆಲದೊಳಗಿನ ಹಗೇವುಗಳಲ್ಲಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಮೊಳಕೆ ಬಂದು ಹಿಟ್ಟಾದ ಮೇಲೆ ಆ ಗುಣ ಹೋಗುತ್ತದೆ. ಆದರೂ ಮೊಳಕೆ ಕಟ್ಟುವುದಕ್ಕೆ ಎರಡು ಒಳ್ಳೆಯ ಕಾರಣಗಳಿವೆ.

ಮೊದಲನೆಯದು, ಮೊಳಕೆಯೊಡೆದ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹೆಚ್ಚುತ್ತದೆ. ಇದು ಪಿಷ್ಟವನ್ನು ಒಡೆಯುವುದರಿಂದ ಸರಿ ಬೇಯುವಾಗ ಅಂಟಂಟಾಗಿ ಬಿಗಿಯುವುದಿಲ್ಲ. ಕೂಸಿನ ಹೊಟ್ಟೆ ಚಿಕ್ಕದು. ಸಾಮಾನ್ಯ ಹಿಟ್ಟಾದರೆ ನುಂಗುವಷ್ಟು ತೆಳ್ಳಗಾಗಲು ನೀರು ಹೆಚ್ಚು ಹಾಕಬೇಕು. ಆಗ ಹೊಟ್ಟೆ ತುಂಬುವುದು ನೀರಿನಿಂದಲೇ. ಮೊಳಕೆ ಹಿಟ್ಟಾದರೆ ಅಷ್ಟೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿಯುತ್ತದೆ. ಎರಡನೆಯದು, ಕಬ್ಬಿಣದ ಅಂಶ ಮೈಗೆ ಹತ್ತದಂತೆ ತಡೆಯುವ ಫೈಟೇಟ್ ಮೊಳಕೆಯಲ್ಲಿ ಕಡಿಮೆಯಾಗುತ್ತದೆ.

ತಯಾರಿಸುವ ಕ್ರಮ

ರಾಗಿಯನ್ನು ಕಲ್ಲು, ಕಸ ಆರಿಸಿ ನಾಲ್ಕೈದು ನೀರಿನಲ್ಲಿ ತೊಳೆಯಿರಿ. ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ನೀರು ಬಸಿದು ಶುದ್ಧವಾದ ತೆಳು ಬಟ್ಟೆಯಲ್ಲಿ ಕಟ್ಟಿಡಿ. ಒಂದು ಒಂದೂವರೆ ದಿನದಲ್ಲಿ ಬಿಳಿ ಮೊಳಕೆ ಕಾಣುತ್ತದೆ. ಮಳೆಗಾಲದಲ್ಲಿ ಬಟ್ಟೆ ಲೋಳೆಯಾದರೆ, ಹುಳಿ ವಾಸನೆ ಬಂದರೆ ಆ ಕಾಳು ದನಕ್ಕೂ ಬೇಡ, ಗೊಬ್ಬರದ ಗುಂಡಿಗೆ ಹಾಕಿ.

ನಂತರ ಒಣಗಿಸುವುದು. ಬಿಸಿಲಿದ್ದರೆ ತೆಳ್ಳಗೆ ಹರವಿ, ಮೇಲೆ ಬಟ್ಟೆ ಮುಚ್ಚಿ. ಕಾಳು ಹಲ್ಲಿನಡಿ ಕಟಕ್ಕೆಂದು ಒಡೆಯಬೇಕು, ಮೆತ್ತಗೆ ಚಪ್ಪಟೆಯಾದರೆ ಇನ್ನೂ ತೇವವಿದೆ. ಆಮೇಲೆ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಘಮ ಬರುವಷ್ಟು ಮಾತ್ರ ಹುರಿಯಿರಿ. ಕರಿಯಾಗುವಷ್ಟು ಹುರಿದರೆ ಕಿಣ್ವ ಉಳಿಯದು. ಪೂರ್ತಿ ಆರಿದ ಮೇಲೆಯೇ ಬೀಸಿಸಿ, ವಸ್ತ್ರಗಾಳಿ ಮಾಡಿ, ಒಣ ಡಬ್ಬಿಗೆ ತುಂಬಿ. ಬಿಸಿ ಹಿಟ್ಟನ್ನು ಮುಚ್ಚಿದರೆ ಒಳಗೇ ಬೆವರುತ್ತದೆ. ಗಿರಣಿಯಲ್ಲಿ ನಮ್ಮದಕ್ಕಿಂತ ಮೊದಲು ಮೆಣಸಿನಕಾಯಿ ಬೀಸಿದ್ದರೆಂಬುದನ್ನು ಕೇಳಲು ಮರೆಯಬೇಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಈ ಕೆಲಸವೇ ಬೇಡವೆಂಬುದು ನನ್ನ ಈಗಿನ ಅಭಿಪ್ರಾಯ. ಬೇಸಿಗೆಯಲ್ಲಿ ಮಾಡಿಟ್ಟು ಮಳೆಗಾಲಕ್ಕೆ ಎಂದು ಕೂಡಿಡುವುದೂ ಬೇಡ. ಎರಡು ಮೂರು ವಾರಕ್ಕಾಗುವಷ್ಟೇ ಮಾಡಿ. ಮಳೆಗಾಲದಲ್ಲಿ ಬೆಂಗಳೂರಿಗೆ ಇಡೀ ಒಣ ರಾಗಿ ಕಳಿಸಿ, ಮಗಳೋ ಸೊಸೆಯೋ ಅಲ್ಲಿ ಬೇಕಾದಷ್ಟು ಮಾಡಿಕೊಳ್ಳಲಿ. ಅಥವಾ ನಮ್ಮ ಹಳೆಯ ಮಣ್ಣಿಯ ಕ್ರಮವೇ ಮೇಲು. ರಾಗಿಯನ್ನು ನೆನೆಸಿ ಅರೆದು, ಬಟ್ಟೆಯಲ್ಲಿ ಹಾಲು ಹಿಂಡಿ, ಅಂದಂದೇ ಕಾಯಿಸುವುದು. ಇಲ್ಲಿ ಒಣಗಿಸುವ ತಾಪತ್ರಯವೇ ಇಲ್ಲ.

ಸರಿ ಮಾಡುವಾಗ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದೆ ಕದಡಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಕಾಯಿಸಿ, ಹಲವು ನಿಮಿಷ ಚೆನ್ನಾಗಿ ಕುದಿಸಿ. ಚಮಚ ಓರೆ ಮಾಡಿದರೆ ಸರಿ ನೀರಿನಂತೆ ಸುರಿಯದೆ ನಿಲ್ಲುವಂತಿರಬೇಕು. ಮೊದಲ ಕೆಲವು ದಿನ ರಾಗಿ ಒಂದೇ. ಮಗುವಿಗೆ ಒಗ್ಗಿದ ಮೇಲೆ ಮೂರು ಪಾವು ರಾಗಿಗೆ ಒಂದು ಪಾವು ಹುರಿದ ಹೆಸರುಬೇಳೆಯ ಲೆಕ್ಕದಲ್ಲಿ ಹಿಟ್ಟು ಸೇರಿಸಬಹುದು. ಇಳಿಸುವಾಗ ಸ್ವಲ್ಪ ತುಪ್ಪ. ಹೊಸದಾಗಿ ಏನನ್ನೇ ಕೊಟ್ಟರೂ ಒಂದೊಂದಾಗಿ, ಮೂರು ದಿನ ನೋಡಿ ಮುಂದಿನದು.

ಯಾವಾಗ, ಎಷ್ಟು?

ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲು ಮಾತ್ರ, ನೀರೂ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆರನೆಯ ತಿಂಗಳಲ್ಲಿ ಅನ್ನಪ್ರಾಶನ ಮಾಡುವ ನಮ್ಮ ಪದ್ಧತಿ ಇದಕ್ಕೆ ಹತ್ತಿರವೇ ಇದೆ. ಮೊದಲು ಎರಡು ಮೂರು ಚಮಚ, ದಿನಕ್ಕೆ ಎರಡು ಮೂರು ಸಲ. ಎಂಟು ತಿಂಗಳ ಹೊತ್ತಿಗೆ ಹೊತ್ತಿಗೆ ಅರ್ಧ ಬಟ್ಟಲು. ಒಂಬತ್ತರಿಂದ ಹನ್ನೊಂದು ತಿಂಗಳಲ್ಲಿ ದಿನಕ್ಕೆ ಮೂರು ನಾಲ್ಕು ಸಲ. ತಾಯಿಯ ಹಾಲು ಎರಡು ವರ್ಷದವರೆಗೂ ಮುಂದುವರಿಯಲಿ.

ರಾಗಿಯಲ್ಲಿ 100 ಗ್ರಾಂಗೆ 340 ಮಿಲಿಗ್ರಾಂಗೂ ಮಿಕ್ಕಿ ಸುಣ್ಣದಂಶವಿದೆ. ಆದರೆ ರಾಗಿ ಒಂದರಿಂದಲೇ ಕಬ್ಬಿಣದ ಕೊರತೆ ನೀಗದು. ತಾಯಿಯ ಹೊಟ್ಟೆಯಿಂದ ತಂದ ಕಬ್ಬಿಣದ ಸಂಗ್ರಹ ಆರು ತಿಂಗಳ ಸುಮಾರಿಗೆ ಮುಗಿಯುತ್ತ ಬರುತ್ತದೆ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 65 ಮಂದಿಗೆ ರಕ್ತಹೀನತೆ ಇತ್ತು. ಆದ್ದರಿಂದ ಬೇಳೆ, ನುಣ್ಣಗೆ ಬೇಯಿಸಿದ ಸೊಪ್ಪು, ತಿನ್ನುವ ಮನೆಗಳಲ್ಲಿ ಮೊಟ್ಟೆ, ಮೀನು, ಮಾಂಸ ಬೇಗನೆ ಸೇರಲಿ. ಜೊತೆಗೆ ಪಪ್ಪಾಯಿ, ಕಿತ್ತಳೆಯಂಥ ಹಣ್ಣು ಕೊಟ್ಟರೆ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಆಶಾ ಕಾರ್ಯಕರ್ತೆಯರು ಕೊಡುವ ಕಬ್ಬಿಣದ ಸಿರಪ್ಪನ್ನು ಬೇಡವೆನ್ನಬೇಡಿ. ಕಾಫಿ, ಚಹಾ ಕಬ್ಬಿಣವನ್ನು ತಡೆಯುತ್ತವೆ. ಕಾಫಿ ಬೆಳೆಗಾರನಾಗಿಯೇ ಹೇಳುತ್ತೇನೆ, ಅಜ್ಜನ ಲೋಟದಿಂದ ಕೂಸಿಗೆ ಒಂದು ಚಮಚವೂ ಬೇಡ.

ಬೇಡವಾದವುಗಳು

ಒಂದು ವರ್ಷದೊಳಗೆ ಜೇನುತುಪ್ಪ ನೆಕ್ಕಿಸಬಾರದು. ನಮ್ಮ ತೋಟದ ಶುದ್ಧ ಜೇನಾದರೂ ಸರಿಯೇ. ಅದರಲ್ಲಿರಬಹುದಾದ ಬೊಟುಲಿಸಂ ರೋಗಾಣುವಿನ ಬೀಜ ದೊಡ್ಡವರನ್ನು ಏನೂ ಮಾಡದಿದ್ದರೂ ಕೂಸಿನ ಕರುಳಿನಲ್ಲಿ ಬೆಳೆದು ನರಗಳನ್ನು ಸೋಲಿಸಬಲ್ಲದು. ಒಂದು ವರ್ಷದವರೆಗೆ ಉಪ್ಪು, ಸಕ್ಕರೆ, ಬೆಲ್ಲವೂ ಬೇಡ. ಹಸುವಿನ ಹಾಲನ್ನು ಕುಡಿಯುವ ಮುಖ್ಯ ಆಹಾರವಾಗಿ ಕೊಡುವುದೂ ಬೇಡ. ಬಾಟಲಿ, ನಿಪ್ಪಲ್ ತೊಳೆಯುವುದು ಕಷ್ಟ. ಬಟ್ಟಲು, ಚಮಚವೇ ಸಾಕು. ಮಾಡಿದ ಸರಿಯನ್ನು ಎರಡು ಗಂಟೆಗಿಂತ ಹೆಚ್ಚು ಹೊರಗೆ ಇಡಬಾರದು. ಎಂಜಲಾದದ್ದನ್ನು ಮತ್ತೊಂದು ಹೊತ್ತಿಗೆ ಉಳಿಸಬಾರದು.

ನಮ್ಮ ಮನೆಗಳಿಗೇ ವಿಶೇಷವಾದ ಎರಡು ಎಚ್ಚರಿಕೆಗಳಿವೆ. ಜಗಲಿಯ ಮೇಲಿನ ಅಡಿಕೆ ಹೋಳು, ಕಾಳುಮೆಣಸು, ಕಾಫಿ ಬೀಜ ತೆವಳುವ ಕೂಸಿನ ಕೈಗೆ ಸಿಕ್ಕರೆ ಶ್ವಾಸನಾಳದಲ್ಲಿ ಸಿಲುಕಬಹುದು. ಇಡೀ ಕಡಲೆಕಾಯಿ ಬೀಜವೂ ಅಷ್ಟೇ ಅಪಾಯ. ಸಿಲುಕಿ ಮಗು ಉಸಿರಾಡಲಾರದಾದರೆ ಕಾಣದ ವಸ್ತುವಿಗೆ ಬೆರಳು ಹಾಕಬೇಡಿ, ಇನ್ನೂ ಒಳಗೆ ಹೋಗುತ್ತದೆ. ವರ್ಷದೊಳಗಿನ ಕೂಸನ್ನು ಮುಂಗೈ ಮೇಲೆ ತಲೆ ಕೆಳಗಾಗಿ ಕವುಚಿ, ಬೆನ್ನಿನ ನಡುವೆ ಅಂಗೈಯಿಂದ ಐದು ಸಲ ಗುದ್ದಿ. ಬಾರದಿದ್ದರೆ ಅಂಗಾತ ಮಾಡಿ ಎದೆಯ ನಡುವೆ ಒಂದು ಅಂಗೈಯ ಬುಡದಿಂದ ಐದು ಸಲ ಒತ್ತಿ. ಹೀಗೆ ಮಾಡುತ್ತಲೇ ಆಸ್ಪತ್ರೆಗೆ ಹೊರಡಿ. ಇನ್ನೊಂದು, ಮೈಲುತುತ್ತ ಕಲಸಿದ ಪಾತ್ರೆ, ಸೋಸಿದ ಬಟ್ಟೆ, ಔಷಧಿಯ ಖಾಲಿ ಡಬ್ಬಿ ಎಷ್ಟು ತೊಳೆದರೂ ಅಡಿಗೆಮನೆಗೆ ಬರಕೂಡದು.

ಪೇಟೆಯ ಡಬ್ಬಿ ಆಹಾರವನ್ನು ಕೊಳ್ಳುವವರು ಸಕ್ಕರೆಯ ಪ್ರಮಾಣವನ್ನೂ ತಾರೀಖನ್ನೂ ಓದಿ ಕೊಳ್ಳಲಿ. ಎರಡು ವರ್ಷದೊಳಗಿನ ಮಕ್ಕಳ ಇಂಥ ಆಹಾರದ ಜಾಹೀರಾತನ್ನು 1992ರ ಕಾಯ್ದೆ ಹಾಗೂ ಅದರ 2003ರ ತಿದ್ದುಪಡಿ ನಿಷೇಧಿಸಿವೆ. ಯಾರಾದರೂ ಹೊಗಳಿ ಮಾರಲು ಬಂದರೆ ಇದು ನೆನಪಿರಲಿ.

ಈ ಸಲ ಬಸವೇಶ್ವರನಗರಕ್ಕೆ ಎರಡು ಸೇರು ಇಡೀ ರಾಗಿ ಕಳಿಸಿದ್ದೇವೆ. ತಮ್ಮ ಮನೆಯಲ್ಲಿ ಮಾಡಿದ ಹಿಟ್ಟಿನ ಬಗ್ಗೆ ಸಂಶಯವಿದ್ದವರು ಮೂಸಿ ನೋಡಿ. ಮುಗ್ಗಲು ಅನ್ನಿಸಿದರೆ ಲೆಕ್ಕ ಹಾಕದೆ ಚೆಲ್ಲಿಬಿಡಿ. ಒಂದು ಸೇರು ರಾಗಿಯ ಬೆಲೆ ಎಷ್ಟೆಂದು ನಮಗೆಲ್ಲರಿಗೂ ಗೊತ್ತಿದೆ.

— ಕಾರ್ಯದರ್ಶಿ